ಚಾರ್ಟ್ ಒಂದೇ, ಮೈ ಬೇರೆ ಬೇರೆ: ಭಾರದ ವ್ಯಾಯಾಮಕ್ಕೆ ಯೋಜನೆ ಹಾಕುವುದು ಹೇಗೆ?

ಬಹುತೇಕ ಜಿಮ್‌ಗಳ ಗೋಡೆಯ ಮೇಲೊಂದು ಚಾರ್ಟ್ ಇರುತ್ತದೆ. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ, ಗುರುವಾರ ಕೈ, ಶುಕ್ರವಾರ ಕಾಲು. ಕಾಲೇಜು ಹುಡುಗನಿಗೂ ಅದೇ, ಶುಗರ್ ಇರುವ ನಿವೃತ್ತ ಮೇಷ್ಟ್ರಿಗೂ ಅದೇ. ವರ್ಷಗಟ್ಟಲೆ ಭಾರ ಎತ್ತಿ ಪಳಗಿದವರಿಗೆ ಆ ಪಟ್ಟಿ ಸರಿಹೋದೀತು. ಹೊಸಬರು ಸೋಮವಾರ ತಪ್ಪಿಸಿಕೊಂಡರೆ ಎದೆಗೆ ಮುಂದಿನ ವಾರದವರೆಗೆ ಕೆಲಸವಿಲ್ಲ. ಶುಕ್ರವಾರದ ಕಾಲು ತಪ್ಪಿಸಿಕೊಳ್ಳುವವರ ವಿಷಯವಂತೂ ಕೇಳುವುದೇ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಂದ ಬಯಸುವುದು ವಾರಕ್ಕೆ ಕನಿಷ್ಠ ಎರಡು ದಿನ, ಎಲ್ಲ ದೊಡ್ಡ ಸ್ನಾಯುಗಳಿಗೂ ಕೆಲಸ. ಹೊಸಬರ ಯೋಜನೆ ಹೊರಡಬೇಕಾದದ್ದು ಇಲ್ಲಿಂದ.

ಮೊದಲು ಮಾತು, ಆಮೇಲೆ ಡಂಬೆಲ್

ಯಾವ ಕಾಯಿಲೆ ಇದೆ, ಯಾವ ಮಾತ್ರೆ ನಡೆಯುತ್ತಿದೆ, ಎಲ್ಲಿ ನೋವು, ದಿನವಿಡೀ ಮಾಡುವ ಕೆಲಸವೇನು? ವ್ಯಾಯಾಮಕ್ಕೆ ಬಂದವರನ್ನು ಇವಿಷ್ಟು ಕೇಳಿಕೊಳ್ಳಿ. ವಾರಕ್ಕೆ ಎಷ್ಟು ದಿನ ಬರುತ್ತೀರಿ ಎಂದರೆ ಎಲ್ಲರೂ ಆರು ಎನ್ನುತ್ತಾರೆ. ಕಳೆದ ತಿಂಗಳು ನಿಜವಾಗಿ ಎಷ್ಟು ದಿನ ಬಿಡುವಿತ್ತು ಎಂದು ಕೇಳಿ, ಆ ಉತ್ತರಕ್ಕೆ ಯೋಜನೆ ಹಾಕಿ.

ಹಿರಿಯರಾದರೆ ಒಂದು ಸಣ್ಣ ಪರೀಕ್ಷೆ. ಸುಮಾರು 43 ಸೆಂ.ಮೀ. ಎತ್ತರದ ಕುರ್ಚಿಯನ್ನು ಗೋಡೆಗೆ ಆನಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆಂದು ಎಣಿಸಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಬಳಸುವ ಅಳತೆಯಲ್ಲಿ 65ರಿಂದ 69 ವಯಸ್ಸಿನ ಗಂಡಸರು 12ಕ್ಕಿಂತ, ಹೆಂಗಸರು 11ಕ್ಕಿಂತ ಕಡಿಮೆ ಮಾಡಿದರೆ ಕಾಲಿನ ಬಲ ಸಾಲದು, ಬೀಳುವ ಅಪಾಯ ಹೆಚ್ಚು ಎಂದರ್ಥ. ಅಂಥವರಿಗೆ ಮೊದಲ ವ್ಯಾಯಾಮವೂ ಆ ಕುರ್ಚಿಯೇ.

ಸ್ನಾಯುವಲ್ಲ, ಚಲನೆ ಆರಿಸಿ

ಕೂತೇಳುವುದು, ಸೊಂಟದಿಂದ ಬಾಗಿ ಎತ್ತುವುದು, ತಳ್ಳುವುದು, ಎಳೆಯುವುದು, ಹೊತ್ತು ನಡೆಯುವುದು. ಈ ಐದು ಇದ್ದರೆ ಮೈಯೆಲ್ಲ ಬಂದಂತೆ. ವ್ಯಕ್ತಿಗೆ ತಕ್ಕಂತೆ ಬದಲಾಗುವುದು ಅದರ ರೂಪ. ಒಬ್ಬರಿಗೆ ಕುರ್ಚಿಯಿಂದ ಏಳುವುದು, ಇನ್ನೊಬ್ಬರಿಗೆ ಎದೆಗೆ ಡಂಬೆಲ್ ಅವುಚಿಕೊಂಡು ಸ್ಕ್ವಾಟ್, ಮತ್ತೊಬ್ಬರಿಗೆ ಹೆಗಲ ಮೇಲೆ ಬಾರ್, ಅಂದರೆ ಭಾರ ಸಿಕ್ಕಿಸುವ ಉದ್ದನೆಯ ಕಬ್ಬಿಣದ ಸರಳು. ಗರಡಿಯ ಬಸ್ಕಿಯೂ ಇದೇ ಕುಟುಂಬದ್ದು. ಆದರೆ ಇನ್ನೂರು ಬಸ್ಕಿ ಹೊಡೆಯಬಲ್ಲವನಿಗೆ ಇನ್ನೂ ಐವತ್ತು ಸೇರಿಸಿದರೆ ದಮ್ಮು ಹೆಚ್ಚೀತು, ಬಲ ಅಷ್ಟಾಗಿ ಹೆಚ್ಚದು. ಬಲ ಬೇಕಿದ್ದರೆ ಭಾರ ಏರಬೇಕು.

ಭಾರ ಎಷ್ಟು?

1940ರ ದಶಕದಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ ಗಾಯಗೊಂಡ ಸೈನಿಕರ ಕಾಲಿಗೆ ಮತ್ತೆ ಬಲ ತರಲು ಒಂದು ಲೆಕ್ಕ ಹೂಡಿದರು. ಹತ್ತು ಸಲ ಎತ್ತಬಹುದು, ಹನ್ನೊಂದನೆಯದು ಆಗದು ಎನ್ನುವಂಥ ಭಾರವನ್ನು ಗುರುತಿಸುವುದು. ಅದರ ಅರ್ಧ, ಮುಕ್ಕಾಲು, ಪೂರ್ತಿ ಎಂದು ಮೂರು ಸೆಟ್, ಅಂದರೆ ಹತ್ತತ್ತು ಸಲದ ಮೂರು ಸುತ್ತು, ಮಾಡಿಸುವುದು. ಬಲ ಬಂದಂತೆ ಭಾರ ಏರಿಸುವುದು. ಇಂದಿಗೂ ಎಲ್ಲ ಯೋಜನೆಗಳ ಬೆನ್ನೆಲುಬು ಇದೇ. ಒಂದು ತಿದ್ದುಪಡಿ ಸಾಕು: ಹೊಸಬರು ಕೈ ಸೋಲುವವರೆಗೆ ಹೋಗಬೇಕಿಲ್ಲ. ಸೆಟ್ ಮುಗಿದಾಗ ‘ಇನ್ನೆರಡು ಮೂರು ಆಗ್ತಿತ್ತು’ ಅನ್ನಿಸಬೇಕು. ‘ಇನ್ನೂ ಹತ್ತು ಆಗ್ತಿತ್ತು’ ಅನ್ನಿಸಿದರೆ ಭಾರ ಸಾಲದು.

ಏರಿಸುವ ಕ್ರಮ ಹೀಗೆ: 8ರಿಂದ 12 ರೆಪ್ಸ್ (ಒಂದು ಸೆಟ್‌ನಲ್ಲಿ ಎಷ್ಟು ಸಲ ಎತ್ತುತ್ತೀರೋ ಅಷ್ಟು ರೆಪ್ಸ್), ಮೂರು ಸೆಟ್. ಮೂರರಲ್ಲೂ 12 ಮುಟ್ಟಿದ ದಿನ, ಮುಂದಿನ ಸಲಕ್ಕೆ ಭಾರ ಏರಿಸಿ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಹೇಳುವ ಪ್ರಮಾಣ ಶೇ 2ರಿಂದ 10. ಲೆಕ್ಕ ಎಡವುವುದು ಇಲ್ಲೇ. ನಮ್ಮ ಅನೇಕ ಜಿಮ್‌ಗಳಲ್ಲಿ ಡಂಬೆಲ್‌ಗಳು ಎರಡೂವರೆ ಕೆ.ಜಿ. ಅಂತರದಲ್ಲಿರುತ್ತವೆ. 25ರಿಂದ 27.5ಕ್ಕೆ ಹೋಗುವ ಹುಡುಗನಿಗೆ ಅದು ಶೇ 10ರ ಏರಿಕೆ. 5ರಿಂದ 7.5ಕ್ಕೆ ಹೋಗುವ ಹೆಂಗಸಿಗೆ ಶೇ 50! ‘ಲೇಡೀಸ್‌ಗೆ ಇಷ್ಟೇ ಆಗೋದು’ ಎಂದು ಟ್ರೈನರ್ ಕೈಚೆಲ್ಲುವುದು ಇಂಥಲ್ಲಿ. ತಪ್ಪು ಡಂಬೆಲ್ ಸ್ಟ್ಯಾಂಡಿನದು. ದಾರಿ ಇದೆ. 5 ಕೆ.ಜಿ.ಯಲ್ಲೇ 15 ರೆಪ್ಸ್‌ವರೆಗೆ ಹೋಗಲಿ. ನಂತರ ಮೊದಲ ಸೆಟ್ ಮಾತ್ರ 7.5ರಲ್ಲಿ, ಆರೇಳು ರೆಪ್ಸ್ ಬಂದರೂ ಸಾಕು, ಉಳಿದೆರಡು ಹಳೆಯದರಲ್ಲೇ. ಮುಂದಿನ ವಾರ ಎರಡು ಸೆಟ್, ಅದರಾಚೆ ಮೂರು. ಇದನ್ನೆಲ್ಲ ನೆನಪಿಗೆ ಬಿಡದೆ ನೋಟ್‌ಬುಕ್‌ನಲ್ಲಿ ಬರೆಯಿರಿ.

ಯಾರಿಗೆ ಏನು?

ಕಂಪ್ಯೂಟರ್ ಮುಂದೆ ಕೂರುವ ಇಪ್ಪತ್ತೈದರ ಯುವಕನದು ಸುಲಭದ ಕೇಸು. ವಾರಕ್ಕೆ ಮೂರು ದಿನ, ಎರಡು ಪಟ್ಟಿ ಸರದಿಯ ಮೇಲೆ. ಒಂದು ದಿನ ಸ್ಕ್ವಾಟ್, ಬೆಂಚ್ ಪ್ರೆಸ್ (ಮಲಗಿ ಭಾರ ಮೇಲಕ್ಕೆ ತಳ್ಳುವುದು), ರೋ (ಭಾರವನ್ನು ಹೊಟ್ಟೆಯತ್ತ ಎಳೆಯುವುದು). ಮರುಸರದಿ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು), ಓವರ್‌ಹೆಡ್ ಪ್ರೆಸ್ (ತಲೆಯ ಮೇಲಕ್ಕೆ ತಳ್ಳುವುದು), ಲ್ಯಾಟ್ ಪುಲ್‌ಡೌನ್ (ಮೇಲಿನಿಂದ ಕೆಳಕ್ಕೆ ಎಳೆಯುವುದು). ಬೈಸೆಪ್ಸ್ ಆಸೆಗೆ ಕೊನೆಯಲ್ಲಿ ಎರಡು ಸೆಟ್ ಇರಲಿ, ಇಲ್ಲದಿದ್ದರೆ ಬರುವುದೇ ಬಿಟ್ಟಾನು. ಮೊದಲ ಕೆಲವು ವಾರ ಭಾರ ಸರಸರ ಏರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ನರಗಳು ಸ್ನಾಯುಗಳನ್ನು ಒಟ್ಟಾಗಿ ದುಡಿಸಲು ಕಲಿತದ್ದು. ಕನ್ನಡಿಯಲ್ಲಿ ಕಾಣುವ ಬದಲಾವಣೆ ತಡವಾಗಿ ಬರುತ್ತದೆ.

ಮುಟ್ಟು ನಿಂತ ಮೇಲಿನ ಹೆಂಗಸರಿಗೆ ನಮ್ಮಲ್ಲಿ ಸಿಗುವ ಸಲಹೆ ಮಾತ್ರ ಬೇಸರ ತರಿಸುತ್ತದೆ: ವಾಕಿಂಗ್ ಮಾಡಿ, ಒಂದು ಕೆ.ಜಿ. ಡಂಬೆಲ್ ಆಡಿಸಿ. ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸುವವರಿಗೆ ಒಂದು ಕೆ.ಜಿ. ಯಾವ ಲೆಕ್ಕ? ಮೂಳೆ ಗಟ್ಟಿಯಾಗಲು ಅದಕ್ಕೆ ಅಭ್ಯಾಸವಿಲ್ಲದಷ್ಟು ಭಾರ ಬೀಳಬೇಕು. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ‘ಲಿಫ್ಟ್‌ಮೋರ್’ ಅಧ್ಯಯನ (2018) ಮೂಳೆ ಸಾಂದ್ರತೆ ಕುಗ್ಗಿದ್ದ, ಮುಟ್ಟು ನಿಂತ 101 ಮಹಿಳೆಯರನ್ನು ಎರಡು ಗುಂಪು ಮಾಡಿತು. ಒಂದು ಗುಂಪು ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ, ಎಂಟು ತಿಂಗಳು ಡೆಡ್‌ಲಿಫ್ಟ್, ಸ್ಕ್ವಾಟ್, ಓವರ್‌ಹೆಡ್ ಪ್ರೆಸ್ ಮಾಡಿತು. ಐದು ರೆಪ್ಸ್‌ನ ಐದು ಸೆಟ್, ಅದೂ ಒಂದೇ ಸಲ ಎತ್ತಬಲ್ಲ ಗರಿಷ್ಠ ಭಾರದ ಶೇ 85ರ ಆಸುಪಾಸಿನಲ್ಲಿ. ಜೊತೆಗೆ ಜಿಗಿದು ಇಳಿಯುವ ವ್ಯಾಯಾಮ. ಇವರ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇ 3 ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು ಶೇ 1ರಷ್ಟು ಇಳಿಯಿತು.

ಇದನ್ನೋದಿ ಅಮ್ಮನನ್ನೋ ಅತ್ತೆಯನ್ನೋ ನಾಳೆಯೇ ಬಾರ್ ಮುಂದೆ ನಿಲ್ಲಿಸಬೇಡಿ. ಅಲ್ಲಿ ಪ್ರತಿ ತರಗತಿಗೂ ತಜ್ಞರ ಕಣ್ಗಾವಲಿತ್ತು. ಮೊದಲ ತಿಂಗಳು ಹಗುರ ಭಾರದಲ್ಲಿ ಚಲನೆ ಕಲಿಸಿದ್ದರು. ಮೊದಲು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್, ವೈದ್ಯರ ಒಪ್ಪಿಗೆ. ಬಳಿಕ ಸ್ಟೂಲಿನ ಮೇಲಿಟ್ಟ ಡಂಬೆಲನ್ನು ಬೆನ್ನು ನೇರವಿಟ್ಟು, ಸೊಂಟದಿಂದ ಬಾಗಿ ಎತ್ತುವ ಅಭ್ಯಾಸ. ಅದು ಕರಗತವಾದ ಮೇಲೆ ಸ್ಟೂಲಿನ ಎತ್ತರ ಇಳಿಸಿ, ಭಾರ ಏರಿಸಿ. ಮೂಳೆ ಸವೆದವರು ಬೆನ್ನನ್ನು ಗೂನು ಮಾಡಿ ಭಾರ ಎತ್ತುವಂತಿಲ್ಲ.

ಬಿಪಿ, ಶುಗರ್ ಇರುವ ಎಪ್ಪತ್ತರವರಿಗೆ ಉಸಿರೇ ಮೊದಲ ಪಾಠ. ಉಸಿರು ಕಟ್ಟಿ ಎತ್ತಿದರೆ ಬಿಪಿ ದಿಢೀರ್ ಏರುತ್ತದೆ. ಎತ್ತುವಾಗ ಉಸಿರು ಬಿಡಲಿ. ಬೀಟಾ ಬ್ಲಾಕರ್ (ಬಿಪಿ, ಹೃದಯದ ತೊಂದರೆಗೆ ಕೊಡುವ) ಮಾತ್ರೆ ನುಂಗುವವರ ನಾಡಿ ಅಷ್ಟಾಗಿ ಏರುವುದಿಲ್ಲ, ಹಾಗಾಗಿ ನಾಡಿ ನೋಡಿ ಶ್ರಮ ಅಳೆಯಬೇಡಿ, ಬಾಯಿಬಿಟ್ಟು ಕೇಳಿ. ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ಮತ್ತು ಆಮೇಲೆ ಶುಗರ್ ನೋಡಿಕೊಳ್ಳಬೇಕು, ಗ್ಲೂಕೋಸ್ ಪುಡಿ ಕೈಗೆಟುಕುವಂತಿರಬೇಕು. ಶುಗರ್‌ನಿಂದ ರೆಟಿನಾ ಹಾಳಾಗಿದ್ದರೆ ಕಣ್ಣಿನ ವೈದ್ಯರನ್ನು ಕೇಳದೆ ಭಾರ ಮುಟ್ಟಬಾರದು. ಇಷ್ಟೆಲ್ಲ ಎಚ್ಚರಿಕೆ ಕೇಳಿ ‘ಈ ವಯಸ್ಸಲ್ಲಿ ಬೇಕಾ?’ ಎನ್ನುವವರಿಗೆ 1990ರ ಒಂದು ಪುಟ್ಟ ಅಧ್ಯಯನವಿದೆ. ಬಾಸ್ಟನ್‌ನ ಆರೈಕೆ ಕೇಂದ್ರವೊಂದರಲ್ಲಿ ಸರಾಸರಿ 90 ವಯಸ್ಸಿನ ಹತ್ತು ಮಂದಿ ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿದರು. ತರಬೇತಿ ಮುಗಿಸಿದವರ ಬಲ ಸರಾಸರಿ ಶೇ 174 ಹೆಚ್ಚಿತ್ತು.

ಇನ್ನು ಎಪಿಎಂಸಿಯಲ್ಲಿ ದಿನವಿಡೀ ಮೂಟೆ ಹೊರುವ ಹಮಾಲರು. ಬೆನ್ನಿನ ಮೇಲೆ ಭಾರ ಬೇಕಾದಷ್ಟು ಬೀಳುತ್ತಿದೆ, ಡೆಡ್‌ಲಿಫ್ಟ್ ಸೇರಿಸಿದರೆ ಹೊರೆಯ ಮೇಲೆ ಹೊರೆ. ಕೆಲಸ ಕೊಡದಿರುವುದನ್ನು ಕೊಡಿ: ಎಳೆಯುವ ವ್ಯಾಯಾಮ, ಒಂಟಿ ಕಾಲಿನದು, ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈ ನೇರ ಹಿಡಿಯುವುದು). ಆವಕ ಕಡಿಮೆ ಇರುವ ದಿನ ನೋಡಿ, ವಾರಕ್ಕೆ ಎರಡು ಸಲ, ಅರ್ಧ ಗಂಟೆ. ಅವರಿಗೆ ಅದಕ್ಕಿಂತ ಮುಖ್ಯ ನಿದ್ದೆ ಮತ್ತು ಊಟ.

ಊಟದ ಮಾತು ಚುಟುಕಾಗಿ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಲೆಕ್ಕದಲ್ಲಿ ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಭಾರ ಎತ್ತುವವರು 1.6 ಗ್ರಾಂವರೆಗೆ ಹೋದರೆ ಲಾಭವಿದೆ. ಅನ್ನ ಸಾರಿನಲ್ಲಿ ಅದು ಹುಟ್ಟದು. ಮೊಟ್ಟೆ, ಮೊಸರು, ಕಾಳು, ಸೋಯಾ, ಮೀನು ಬೇಕು. ಕಿಡ್ನಿ ತೊಂದರೆ ಇದ್ದವರು ವೈದ್ಯರು ಹೇಳಿದಷ್ಟೇ ತಿನ್ನಬೇಕು.

ಯಾವಾಗ ಬದಲಿಸುವುದು?

ಬೇಜಾರಾಯಿತು ಎಂದು ವಾರವಾರ ವ್ಯಾಯಾಮ ಬದಲಿಸಿದರೆ ಬಲ ಏರಿತೋ ಇಲ್ಲವೋ ತಿಳಿಯುವುದೇ ಇಲ್ಲ. ಎಂಟರಿಂದ ಹನ್ನೆರಡು ವಾರ ಒಂದೇ ಯೋಜನೆ ಸಾಗಲಿ. ಎರಡು ವಾರ ಸತತ ರೆಪ್ಸ್ ಇಳಿದರೆ ನಿದ್ದೆ, ಊಟ ವಿಚಾರಿಸಿ. ಅವು ಸರಿಯಿದ್ದರೆ ಒಂದು ವಾರ ಸೆಟ್‌ಗಳನ್ನು ಅರ್ಧಕ್ಕಿಳಿಸಿ. ಸ್ನಾಯು ಎರಡು ದಿನ ಹಿಡಿದುಕೊಂಡರೆ ಗಾಬರಿ ಬೇಡ. ಕೀಲಿನಲ್ಲಿ ಚುಚ್ಚಿದರೆ, ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ. ಮದುವೆ, ಜಾತ್ರೆ ಎಂದು ಮೂರು ವಾರ ತಪ್ಪಿದ್ದರೆ ನೋಟ್‌ಬುಕ್‌ನ ಕೊನೆಯ ಭಾರಕ್ಕಿಂತ ಐದನೇ ಒಂದರಷ್ಟು ಇಳಿಸಿ, ಎರಡೇ ಸೆಟ್‌ಗಳಿಂದ ಮತ್ತೆ ಶುರು ಮಾಡಿ. ಮೊದಲ ದಿನವೇ ಹಳೆಯ ಅಂಕಿ ಮುಟ್ಟಲು ಹೋದರೆ ಮಾರನೆಯ ದಿನ ಮೆಟ್ಟಿಲು ಇಳಿಯುವುದು ಕಷ್ಟ.