ಚಿತ್ರದ ಚೌಕಟ್ಟಿಗೆ ಮರವೋ, ಎಂಡಿಎಫ್ ಪಟ್ಟಿಯೋ?

ಚಿತ್ರಗಳಿಗೆ ಕಟ್ಟು ಹಾಕುವುದು ನನ್ನ ಕೆಲಸ. ಮರದ ಪಟ್ಟಿ ಹಾಕಿಸಲೋ, ಎಂಡಿಎಫ್ ಎಂಬ ನಾರಿನ ಹಲಗೆ ಸಾಕೋ ಎಂದು ಕೇಳಿದವರಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ: ಯಾವ ಗೋಡೆಗೆ ತೂಗುಹಾಕುತ್ತೀರಿ, ಗಾಜು ಎಷ್ಟು ದೊಡ್ಡದು? ಬಣ್ಣ, ಹೊಳಪು, ಕೆತ್ತನೆಯ ಮಾತೆಲ್ಲ ಆಮೇಲಿನದು. ಪಟ್ಟಿಯ ಯೋಗ್ಯತೆ ಗೊತ್ತಾಗುವುದು ಮೂಲೆಯಲ್ಲಿ.

ಮರ ಕಡಿದ ಮೇಲೂ ಸುಮ್ಮನಿರುವುದಿಲ್ಲ. ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಉದ್ದಕ್ಕೆ ಈ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ, ಆಗುವುದೆಲ್ಲ ಅಗಲಕ್ಕೆ. ಹಾಗಾಗಿ 45 ಡಿಗ್ರಿಗೆ ಕೊಯ್ದು ಕೂಡಿಸಿದ ಮೂಲೆ, ಪಟ್ಟಿ ಒಣಗಿದಾಗ ಒಳತುದಿಯಲ್ಲಿ ಬಾಯಿ ಬಿಡುತ್ತದೆ; ತೇವ ಕುಡಿದು ಉಬ್ಬಿದಾಗ ಹೊರತುದಿಯಲ್ಲಿ. ದುರಸ್ತಿಗೆ ಬಂದ ಫ್ರೇಮಿನಲ್ಲಿ ಒಳಗಡೆ ಸಂದು ಕಂಡರೆ, ಕಟ್ಟುವಾಗ ಮರ ಇನ್ನೂ ಹಸಿಯಿತ್ತು ಎಂದು ಊಹಿಸುತ್ತೇನೆ. ಎರಡು ಬೆರಳಗಲದ ಪಟ್ಟಿಯಲ್ಲಿ ಇದು ಕಣ್ಣಿಗೆ ಬೀಳದು. ಅಂಗೈ ಅಗಲದ್ದರಲ್ಲಿ ಕಾಗದ ತೂರುವಷ್ಟು ಸಂದಾಗಬಹುದು. ಆದ್ದರಿಂದ ಅಗಲ ಪಟ್ಟಿಗೆ ಚೆನ್ನಾಗಿ ಒಣಗಿ ಹದಗೊಂಡ ತೇಗವನ್ನೇ ಆರಿಸುತ್ತೇನೆ. ಕೊಯ್ಯುವ ಮೊದಲು ಅದನ್ನು ಕೆಲಸದ ಕೋಣೆಯಲ್ಲೇ ಕೆಲವು ದಿನ ಇಟ್ಟು ಅಲ್ಲಿನ ಹವೆಗೆ ಹೊಂದಿಕೊಳ್ಳಲು ಬಿಡುತ್ತೇನೆ.

ಎಂಡಿಎಫ್‌ಗೆ ಈ ಚಪಲವಿಲ್ಲ. ಮರದ ನಾರನ್ನು ರಾಳದೊಂದಿಗೆ ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ ಅದು; ಗಂಟಿಲ್ಲ, ಸೊಟ್ಟಿಲ್ಲ, ಎಳೆಗೆ ದಿಕ್ಕಿಲ್ಲ. ಒಂದೇ ಅಳತೆಯ, ಒಂದೇ ಬಣ್ಣದ ಹತ್ತಾರು ಫ್ರೇಮು ಬೇಕೆಂದರೆ ಇದನ್ನೇ ಹಿಡಿಯುತ್ತೇನೆ. ಆದರೆ ಮೂಲೆಯಲ್ಲಿ ಅದರ ಮೇಲೆ ಹೊದಿಸಿದ ಹಾಳೆಯ ಒಂದು ಚಕ್ಕೆ ಎದ್ದರೆ ಒಳಗಿನ ಕಂದು ಇಣುಕುತ್ತದೆ, ಅದನ್ನು ಮರೆಮಾಡುವುದು ಕಷ್ಟ. ಮರವಾದರೆ ಮರಳು ಕಾಗದದಿಂದ ಉಜ್ಜಿ, ಅದರದೇ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿ, ಮತ್ತೆ ಪಾಲಿಶ್ ಮಾಡಬಹುದು. ಕೊಯ್ದ ಅಂಚಿಗೆ ನೀರು ತಗುಲಿದರೆ ಎಂಡಿಎಫ್ ಉಬ್ಬುತ್ತದೆ. ಒಣಗಿದ ಮೇಲೂ ಮೊದಲಿನ ಗಾತ್ರಕ್ಕೆ ಬರುವುದಿಲ್ಲ. ತೇವ ಹಿಡಿಯುವ ಗೋಡೆಗೆ ಅದನ್ನು ಕೊಡಲು ನನಗೆ ಮನಸ್ಸೇ ಬರದು. ಕೊಯ್ಯುವಾಗ ಏಳುವ ಧೂಳು ಹಿಟ್ಟಿನಷ್ಟು ನುಣುಪು, ಮಾಸ್ಕ್ ಇಲ್ಲದೆ ಕೆಲಸಕ್ಕೆ ಕೈ ಹಚ್ಚಲೇಬಾರದು.

ತೇವದ ಗೋಡೆಗೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಪಟ್ಟಿ ಸರಿ. ನೀರಿಗೆ ಜಗ್ಗದು, ಗೆದ್ದಲು ತಿನ್ನದು, ಹಗುರ. ಗರಗಸ ಬಿರುಸಾಗಿ ತಿರುಗಿದರೆ ಮಾತ್ರ ಕರಗಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಮರಕ್ಕೆ ಬಳಸುವ ಬಿಳಿ ಅಂಟೂ ಇದಕ್ಕೆ ಹಿಡಿಯದು, ಥಟ್ಟನೆ ಹಿಡಿಯುವ ಸೈನೋಆಕ್ರಿಲೇಟ್ ಅಂಟು ಬೇಕು.

ಹಳೆಯ ಫೋಟೋ, ಜಲವರ್ಣ ಚಿತ್ರಗಳ ವಿಷಯ ಬೇರೆ. ಮರವಾಗಲಿ ಎಂಡಿಎಫ್ ಆಗಲಿ, ಕಾಗದಕ್ಕೆ ಕೆಡುಕಾದ ಆವಿಯನ್ನು ನಿಧಾನವಾಗಿ ಬಿಡುತ್ತವೆ. ಹಾಗಾಗಿ ಚಿತ್ರ, ಗಾಜು ಕೂರುವ ಪಟ್ಟಿಯ ಒಳಗಾಲುವೆಗೆ ಅಲ್ಯೂಮಿನಿಯಂ ಹಾಳೆಯ ಟೇಪು ಅಂಟಿಸಿಯೇ ಚಿತ್ರ ಕೂರಿಸುತ್ತೇನೆ.

ಇನ್ನು ತೂಕ. 2 ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ 5 ಕಿಲೋ ತೂಗುತ್ತದೆ. 60ಕ್ಕೆ 90 ಸೆಂಟಿಮೀಟರಿನ ಚಿತ್ರವಾದರೆ ಗಾಜೊಂದೇ 2.7 ಕಿಲೋ. ಅದು ಕೂರುವುದು ಕೆಳಗಿನ ಪಟ್ಟಿಯ ಮೇಲೆ, ಎಳೆತ ಬೀಳುವುದು ಅದರ ಎರಡು ಮೂಲೆಗಳಿಗೆ. ಎಂಡಿಎಫ್‌ನ ಅಂಚಿಗೆ ಮೊಳೆ ಹೊಡೆದರೆ ಪದರ ಸೀಳುತ್ತದೆ. ಹಾಗಾಗಿ ದೊಡ್ಡ ಗಾಜಿಗೆ ನಾನು ಹಾಕುವುದು ಮರವನ್ನೇ. ಗಿರಾಕಿಗಳು ಎಂಡಿಎಫ್ ಬೇಕೆಂದು ಪಟ್ಟು ಹಿಡಿದರೆ ಗಾಜಿನ ಬದಲು ಅರ್ಧದಷ್ಟೇ ತೂಗುವ ಅಕ್ರಿಲಿಕ್ ಹಾಳೆ ಹಾಕಿ, ಕೊಂಡಿಯ ಸ್ಕ್ರೂಗಳಿಗೆ ಮೊದಲೇ ಸಣ್ಣ ತೂತು ಕೊರೆದು ಬಿಗಿಯುತ್ತೇನೆ.