ನೀರಿಗದ್ದಿದರೆ ಮೆತ್ತಗಾಗುವ ಲೋಹ: ಅಲ್ಯೂಮಿನಿಯಂಗೆ ಹದ ಕೊಡುವುದು ಹೀಗೆ

ಕುಲುಮೆಯಲ್ಲಿ ಕೆಂಪಗೆ ಕಾಯಿಸಿದ ಮಚ್ಚನ್ನು ನೀರಿಗದ್ದಿದರೆ ಗಟ್ಟಿಯಾಗುತ್ತದೆ. ಅದೇ ಲೆಕ್ಕದಲ್ಲಿ ಅಲ್ಯೂಮಿನಿಯಂಗೆ ಕೈ ಹಾಕಬೇಡಿ. ಇದು ಕರಗುವ ಮುಂಚೆ ಕೆಂಪಗಾಗಿ ಎಚ್ಚರಿಸುವುದಿಲ್ಲ. ತುಮಕೂರಿನ ಅಂತರಸನಹಳ್ಳಿಯ ಶೆಡ್ಡಿನಲ್ಲಿ ಗ್ಯಾಸ್ ಟಾರ್ಚ್ ಹಿಡಿದು ಬಣ್ಣ ಕಾಯುತ್ತಾ ನಿಂತಿದ್ದೆ. ಬ್ರಾಕೆಟ್ಟಿನ ಮೂಲೆ ಕಣ್ಣೆದುರೇ ಕುಸಿಯಿತು.

ಮೊದಲು ಗ್ರೇಡ್ ನೋಡಿ, ಅಂದರೆ ಯಾವ ಬೆರಕೆಯ ಅಲ್ಯೂಮಿನಿಯಂ ಎಂದು ಹೇಳುವ ನಾಲ್ಕಂಕಿಯ ಸಂಖ್ಯೆ. 6061, 2024, 7075 ಹದಕ್ಕೆ ಬರುತ್ತವೆ. 5052 ಬರುವುದಿಲ್ಲ, ಅದಕ್ಕೆ ಓವನ್ ಕರೆಂಟ್ ದಂಡ.

6061 ಅನ್ನು ಸುಮಾರು 530 ಡಿಗ್ರಿಗೆ ಕಾಯಿಸಿ. ಒಳಗಿನ ಮೆಗ್ನೀಷಿಯಂ, ಸಿಲಿಕಾನ್ ಲೋಹದಲ್ಲಿ ಬೆರೆತುಹೋಗುತ್ತವೆ. ತಡಮಾಡದೆ ನೀರಿಗದ್ದಿ. ಓವನ್ ಒಳಗೆ, ತೊಟ್ಟಿ ಹಿತ್ತಲಲ್ಲಿ ಇದ್ದರೆ ಆಗದು, ಕೈಗೆಟುಕುವ ದೂರದಲ್ಲಿರಲಿ. ತೆಳು ತಗಡನ್ನು ಅಂಚಿನಿಂದ ಇಳಿಸಿ, ಇಲ್ಲದಿದ್ದರೆ ಸೊಟ್ಟಗಾಗುತ್ತದೆ. ನೀರಿನಿಂದ ತೆಗೆದ ತುಂಡು ಮೆತ್ತಗಿರುತ್ತದೆ. ಬಗ್ಗಿಸುವುದು, ನೆಟ್ಟಗೆ ಮಾಡುವುದು ಏನಿದ್ದರೂ ಆಗಲೇ ಮುಗಿಸಿ.

ಗಟ್ಟಿಯಾಗುವುದು ಆಮೇಲೆ. ನೀರಿಗದ್ದಿ ಬಿಟ್ಟ ತಾಮ್ರ ಬೆರೆಸಿದ ಅಲ್ಯೂಮಿನಿಯಂ ದಿನ ಕಳೆದಂತೆ ತಾನಾಗಿಯೇ ಗಟ್ಟಿಯಾಗುವುದನ್ನು ಜರ್ಮನಿಯ ಆಲ್ಫ್ರೆಡ್ ವಿಲ್ಮ್ 1906ರಲ್ಲಿ ಕಂಡ. 6061 ಅನ್ನು ಹಾಗೆ ಬಿಡದೆ 175 ಡಿಗ್ರಿಯಲ್ಲಿ ಎಂಟು ಗಂಟೆ ಇಡುತ್ತೇವೆ. ಇದಕ್ಕೆ ಏಜಿಂಗ್ ಎನ್ನುತ್ತಾರೆ. ಪೂರ್ತಿ ಮೆತ್ತಗಿದ್ದಾಗ 55 ಮೆಗಾಪ್ಯಾಸ್ಕಲ್‌ಗೇ (ಲೋಹದ ಮೇಲೆ ಬೀಳುವ ಒತ್ತಡದ ಅಳತೆ) ಮಣಿಯುತ್ತಿದ್ದ ಲೋಹ ಈಗ ಸುಮಾರು 275ರವರೆಗೆ ತಡೆಯುತ್ತದೆ. ಆಸೆಪಟ್ಟು ಇನ್ನೂ ಹೊತ್ತು ಇಟ್ಟರೆ ಬಲ ಮತ್ತೆ ಇಳಿಯುತ್ತದೆ.

ತುಕ್ಕಿನ ಕಥೆ ಬೇರೆ. ಸಕ್ಕರೆ ಪಾಕ ನಿಧಾನ ಆರಿದರೆ ಹರಳುಗಟ್ಟುವುದಿಲ್ಲವೇ? ತಾಮ್ರ ಬೆರೆತ 2024 ಗ್ರೇಡ್ ನಿಧಾನ ತಣಿದರೂ ತಾಮ್ರದ ಹರಳುಗಳು ಲೋಹದ ಕಣಗಳ ಗಡಿಯಲ್ಲೇ ಕೂರುತ್ತವೆ. ಪಕ್ಕದ ಜಾಗದಲ್ಲಿ ತಾಮ್ರ ಬರಿದಾಗಿ, ತೇವ ತಗುಲಿದಾಗ ಸವೆತ ಆ ಗಡಿಗುಂಟ ಒಳಗಿಳಿಯುತ್ತದೆ. ಮೇಲೆ ಹೊಳಪು ಹೊಳಪಾಗಿಯೇ ಇರಬಹುದು.

ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ಶೆಡ್ಡಿಗೆ ಬರುವ ಹುಡುಗರ ಬಾಯಲ್ಲಿ ವಿಮಾನದ ಭಾಗಗಳಿಗೆ ಬಳಸುವ 7075ರದ್ದೇ ಮಾತು. ಅದನ್ನು 120 ಡಿಗ್ರಿಯಲ್ಲಿ 24 ಗಂಟೆ ಇಟ್ಟರೆ ಸಿಗುವ ಹದದ ಹೆಸರು ಟಿ6, ಬಲ ತುತ್ತತುದಿಯಲ್ಲಿ. ಆದರೆ ಸದಾ ಎಳೆತದಲ್ಲಿರುವ ಭಾಗಕ್ಕೆ ತೇವವೂ ಸೇರಿದರೆ ಬಿರುಕು ಬಿಡುವ ಭಯ. 107 ಡಿಗ್ರಿಯಲ್ಲಿ ಒಂದು ಸುತ್ತು, 160–175ರಲ್ಲಿ ಇನ್ನೊಂದು ದೀರ್ಘ ಸುತ್ತು ಕೊಟ್ಟರೆ ಟಿ73. ಬಲ ಶೇ 10–15 ಹೋಗುತ್ತದೆ, ಬಿರುಕಿನ ಭಯ ಬಹಳ ತಗ್ಗುತ್ತದೆ. ನಾನಾದರೆ ಟಿ73ನ್ನೇ ಆರಿಸುತ್ತೇನೆ.

ಬ್ರಾಕೆಟ್ಟಿಗೆ ವೆಲ್ಡಿಂಗ್ ಇದೆಯೇ? ಏಜಿಂಗ್ ಮುಗಿದ 6061ಕ್ಕೆ ವೆಲ್ಡ್ ಹಾಕಿದರೆ ಆ ಅಕ್ಕಪಕ್ಕದ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ವೆಲ್ಡ್ ಮೊದಲಿರಲಿ, ಓವನ್ ಆಮೇಲೆ.