ಪ್ರಶ್ನೆ ಕೇಳಿ ಸುಮ್ಮನಿರುವುದು

“ಗಿಡಗಳು ಆಹಾರ ತಯಾರಿಸೋ ಕ್ರಿಯೆಗೆ ಏನಂತಾರೆ? ದ್ಯುತಿ...?”

“ಸಂಶ್ಲೇಷಣೆ!”

34 ಮಕ್ಕಳು, ಒಂದೇ ದನಿ. ಹೊರಗೆ ಹೋಗುತ್ತಿದ್ದವರಿಗೆ ಕೇಳಿಸಿದರೆ ಆಹಾ, ಎಂಥ ಪಾಠ ಅನ್ನಿಸಬೇಕು. ನನಗೂ ಹನ್ನೊಂದು ವರ್ಷ ಹಾಗೇ ಅನ್ನಿಸುತ್ತಿತ್ತು.

ನಾನು ಹಾವೇರಿ ಜಿಲ್ಲೆಯಲ್ಲಿ, ಬ್ಯಾಡಗಿ ಹತ್ತಿರದ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂದು ದಿನ ಮೊಬೈಲನ್ನು ಮೇಜಿನ ಮೇಲೆ ರೆಕಾರ್ಡಿಂಗ್‌ಗೆ ಇಟ್ಟು ಪಾಠ ಮಾಡಿದೆ. ಕಾರಣ ದೊಡ್ಡದೇನಲ್ಲ. ಗಂಟಲು ಪದೇ ಪದೇ ಕಟ್ಟುತ್ತಿತ್ತು, ಎಷ್ಟು ಜೋರಾಗಿ ಮಾತಾಡುತ್ತೇನೆ ನೋಡೋಣ ಅಂತ. ರಾತ್ರಿ ರೊಟ್ಟಿ ಬಡಿಯುತ್ತ ಹಚ್ಚಿ ಕೇಳಿದೆ. ಐದು ನಿಮಿಷದಲ್ಲಿ ಗಂಟಲಿನ ವಿಷಯ ಮರೆತೇ ಹೋಯಿತು. ಕೈ ತೊಳೆದು ಬಂದು, ಹಳೇ ಕ್ಯಾಲೆಂಡರಿನ ಹಿಂಬದಿ ಗೀಟು ಹಾಕುತ್ತ ಕೂತೆ.

40 ನಿಮಿಷದಲ್ಲಿ ನಾನು 71 ಪ್ರಶ್ನೆ ಕೇಳಿದ್ದೆ. ಅದರಲ್ಲಿ 30 ಬರೀ “ತಿಳೀತಾ?”, “ಹೌದಲ್ಲ?”. ಅದಕ್ಕೆ ಉತ್ತರ “ಹ್ಞೂಂರೀ ಟೀಚರ್”. ಇನ್ನು 26 ಅರ್ಧ ಪದದ ಪ್ರಶ್ನೆಗಳು: ಅರ್ಧ ನಾನು ಹೇಳುವುದು, ಉಳಿದರ್ಧ ಅವರು ಕೂಗುವುದು. ಉಳಿದ 15ರಲ್ಲಿ 11ಕ್ಕೆ ಉತ್ತರ ಕೊಟ್ಟವಳು ನಾನೇ! ಮಕ್ಕಳು ತಮ್ಮ ಸ್ವಂತ ಮಾತಿನಲ್ಲಿ ಉತ್ತರ ಹೇಳಿದ್ದು ನಾಲ್ಕು ಸಲ. ಆ ನಾಲ್ಕನ್ನೂ ಹೇಳಿದವರು ಇಬ್ಬರೇ, ಮೊದಲ ಸಾಲಿನ ಇಬ್ಬರು.

ಒಂದು ತರಬೇತಿಯಲ್ಲಿ ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆಯ ಬಗ್ಗೆ ಕೇಳಿದ್ದೆ. ಅವರು ಸಾಕಷ್ಟು ತರಗತಿಗಳ ಪಾಠ ರೆಕಾರ್ಡ್ ಮಾಡಿ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ ಅಂತ ಅಳೆದಿದ್ದರು. ಸುಮಾರು ಒಂದು ಸೆಕೆಂಡು. ಅಷ್ಟರಲ್ಲಿ ಉತ್ತರ ಬರದಿದ್ದರೆ ಇನ್ನೊಬ್ಬರನ್ನು ಕೇಳುವುದು, ಇಲ್ಲಾ ತಾವೇ ಹೇಳಿಬಿಡುವುದು. ಅದನ್ನೇ ಮೂರು ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದವಾಗುತ್ತದೆ, “ಗೊತ್ತಿಲ್ಲ” ಅನ್ನುವುದು ಕಡಿಮೆಯಾಗುತ್ತದೆ, ಹಿಂದೆ ಕೂತವರೂ ಬಾಯಿ ಬಿಡುತ್ತಾರೆ ಅಂತ 1974ರಲ್ಲೇ ಬರೆದಿದ್ದರು. ತರಬೇತಿಯಲ್ಲಿ ಇದನ್ನು ಕೇಳಿ ತಲೆಯಾಡಿಸಿ, ಚಹಾ ಕುಡಿದು ಬಂದಿದ್ದೆ. ರೆಕಾರ್ಡಿಂಗ್ ಕೇಳಿದ ಮೇಲೆ ಅದು ನನ್ನದೇ ಕಥೆ ಅಂತ ಗೊತ್ತಾಯಿತು.

ಮೂರು ಸೆಕೆಂಡು ಅಂದರೆ ಏನು ಮಹಾ, ಅಲ್ವಾ? ಮಕ್ಕಳ ಎದುರು ನಿಂತು ನೋಡಬೇಕು. ಮೊದಲ ವಾರ ನನ್ನಿಂದ ಆಗಲೇ ಇಲ್ಲ. ಎರಡು ಅನ್ನುವಷ್ಟರಲ್ಲಿ ಬಾಯಿ ತಾನೇ ತೆರೆದುಕೊಳ್ಳುತ್ತಿತ್ತು. ಕೊನೆಗೆ ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಬೆರಳು ಮಡಚಿ ಎಣಿಸತೊಡಗಿದೆ. ಮಕ್ಕಳಿಗೂ ಇದು ವಿಚಿತ್ರ ಅನ್ನಿಸಿತು. “ಟೀಚರ್, ಸಿಟ್ಟು ಬಂದೈತೇನ್ರಿ?” ಅಂತ ಒಬ್ಬಳು ಕೇಳಿಯೇಬಿಟ್ಟಳು. ಅವರಿಗೆ ಹೇಳಿಬಿಡುವುದೇ ವಾಸಿ ಅಂದುಕೊಂಡೆ. “ಇನ್ನ ಮ್ಯಾಲೆ ನಾನು ಪ್ರಶ್ನೆ ಕೇಳಿ ಸುಮ್ಮನ ನಿಂತರೆ, ನೀವು ವಿಚಾರ ಮಾಡೋ ಹೊತ್ತು ಅದು” ಅಂದೆ. ಆಮೇಲೆ ಅವರೂ ಸುಧಾರಿಸಿದರು, ನಾನೂ.

ಕೈ ಎತ್ತುವ ಪದ್ಧತಿಯನ್ನೂ ಬಿಟ್ಟೆ, ಯಾಕಂದರೆ ಎತ್ತುತ್ತಿದ್ದದ್ದು ಯಾವಾಗಲೂ ಅವೇ ಕೆಲವು ಕೈ. ಎಲ್ಲರ ಹೆಸರು ಚೀಟಿಯಲ್ಲಿ ಬರೆದು ಒಂದು ಹಾರ್ಲಿಕ್ಸ್ ಬಾಟಲಿಗೆ ಹಾಕಿದೆ. ಒಂದೊಂದೇ ಚೀಟಿ ಎತ್ತುವುದು, ಹೆಸರು ಓದುವುದು, ಪ್ರಶ್ನೆ ಕೇಳುವುದು. ಇದರಲ್ಲಿ ಎರಡು ತಪ್ಪು ಮಾಡಿದೆ. ಮೊದಲೇ ಹೆಸರು ಕರೆದರೆ ಉಳಿದ 33 ಜನ ಉಸ್ಸಪ್ಪಾ ಅಂತ ಹಗುರಾಗುತ್ತಾರೆ, ಪ್ರಶ್ನೆ ಕಿವಿಗೇ ಬೀಳುವುದಿಲ್ಲ. ಎರಡನೆಯದು ಇನ್ನೂ ಕೆಟ್ಟದ್ದು. ಮಾತು ತಡವರಿಸುವ ಒಬ್ಬ ಹುಡುಗಿಯ ಚೀಟಿ ಬಂತು. ಅವಳು ಎದ್ದು ನಿಂತಳು. ನಾನು ಹೊಸದಾಗಿ ಕಲಿತ ಉತ್ಸಾಹದಲ್ಲಿ ಬೆರಳು ಮಡಚುತ್ತ ಕಾದೆ, ಇನ್ನೂ ಕಾದೆ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಮರುದಿನ ಅವಳು ಶಾಲೆಗೆ ಬರಲಿಲ್ಲ. ಮನೆಗೆ ಹೋದರೆ ಅವರವ್ವ, “ಬಾಟ್ಲಿ ಅಂದ್ರ ಅಂಜತಾಳ್ರಿ ಅಕ್ಕೋರ” ಅಂದರು. ಕಾಯುವುದಕ್ಕೂ ಒಂದು ಹದ ಇದೆ, ಅದನ್ನು ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.

ಈಗ ಮೊದಲು ಪ್ರಶ್ನೆ. ಆಮೇಲೆ ಮೌನ. ಆಮೇಲೆ ಪಕ್ಕದವರ ಜೊತೆ ಒಂದು ನಿಮಿಷ ಮಾತು. ಕೊನೆಗೆ ಚೀಟಿ. ಪಕ್ಕದವರಿಗೆ ಒಮ್ಮೆ ಹೇಳಿ ನೋಡಿದ್ದನ್ನು ಎಲ್ಲರಿಗೂ ಹೇಳಲು ಅಷ್ಟು ಭಯವಾಗುವುದಿಲ್ಲ. ಬೇಡ ಅನ್ನಿಸಿದರೆ “ಆಮ್ಯಾಲೆ ಹೇಳ್ತೀನ್ರಿ” ಅನ್ನಬಹುದು. ಆ ಹುಡುಗಿ ಒಂದೂವರೆ ತಿಂಗಳು ಅದನ್ನೇ ಅಂದಳು. ಅನ್ನಲಿ.

ಇನ್ನು ಪ್ರಶ್ನೆಯ ಭಾಷೆ. “ಆವೀಕರಣ ಎಂದರೇನು?” ಅಂದರೆ ತರಗತಿಯಲ್ಲಿ ಸ್ಮಶಾನ ಮೌನ. “ಮುಂಜಾನೆ ಅಂಗಳಕ್ಕ ಹೊಡದ ನೀರು ಮಧ್ಯಾಹ್ನ ಎಲ್ಲಿ ಹೋತು?” ಅಂದರೆ ಸಂತೆ. ಆವೀಕರಣ ಅನ್ನುವ ಪದ ಕೊನೆಗೆ ಬಂದರೆ ಸಾಕು, ಆಗ ಅದಕ್ಕೆ ಕೂತುಕೊಳ್ಳಲು ಜಾಗ ಇರುತ್ತದೆ. ಕಲಿಕೆಯನ್ನು ಬರೀ ನೆನಪಿನಿಂದ ಮೌಲ್ಯಮಾಪನದವರೆಗೆ ಆರು ಹಂತ ಮಾಡಿದ ಅಮೆರಿಕದ ಶಿಕ್ಷಣ ತಜ್ಞ ಬ್ಲೂಮ್ ಅವರ 1956ರ ಪಟ್ಟಿ ನಮ್ಮ ಸ್ಟಾಫ್ ರೂಮಿನ ಗೋಡೆಯ ಮೇಲೂ ಇದೆ. ಪ್ರಶ್ನೆಪತ್ರಿಕೆ ಮಾಡುವಾಗ ಅದು ಉಪಯೋಗಕ್ಕೆ ಬರುತ್ತದೆ. ಪಾಠದ ನಡುವೆ ನಿಂತು “ಇದು ಅನ್ವಯವೋ, ವಿಶ್ಲೇಷಣೆಯೋ” ಅಂತ ಯೋಚಿಸಲು ನನಗಂತೂ ಆಗಿಲ್ಲ. ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಒಂದೇ ಪುಟ್ಟ ಪ್ರಶ್ನೆ: “ನಿನಗ ಹೆಂಗ ಗೊತ್ತಾತು?”

ಅದರ ರುಚಿ ಹತ್ತಿದ್ದು ಮೆಣಸಿನಕಾಯಿಯಿಂದ. ನಮ್ಮ ಮಕ್ಕಳ ಮನೆತುಂಬ ಅದೇ. ಸುಗ್ಗಿಯಲ್ಲಿ ಎಷ್ಟೋ ತಾಯಂದಿರು ಬ್ಯಾಡಗಿಗೆ ತುಂಬು, ಅಂದರೆ ಕಾಯಿಯ ತೊಟ್ಟು, ಬಿಡಿಸಲು ಹೋಗುತ್ತಾರೆ. ಸೋಮವಾರ, ಗುರುವಾರ ಮಾರುಕಟ್ಟೆ ಅಂದರೆ ಊರಿನ ರಸ್ತೆಯೇ ಘಾಟು. ಹೂವು, ಕಾಯಿ, ಬೀಜದ ಪಾಠದ ದಿನ ಕೇಳಿದೆ: “ಮೆಣಸಿನಕಾಯಿಯಲ್ಲಿ ಖಾರ ಎಲ್ಲಿರತೈತಿ?”

“ಬೀಜದಾಗ್ರಿ!” ಮತ್ತೆ ಒಂದೇ ದನಿ. ಹಿಂದೆ ಆಗಿದ್ದರೆ “ವೆರಿ ಗುಡ್” ಅಂದು ಮುಂದೆ ಹೋಗುತ್ತಿದ್ದೆ. ನಿಜ ಹೇಳಬೇಕಂದರೆ ತುಂಬಾ ವರ್ಷ ನಾನೂ ಹಾಗೇ ನಂಬಿದ್ದೆ. ಈ ಸಲ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಉತ್ತರ ಬಂದ ಮೇಲೂ ಮೂರು ಎಣಿಸಬೇಕು, ಇದು ರೋ ಅವರ ಎರಡನೇ ಮಾತು. ನನಗೆ ಮೊದಲ ಮೌನಕ್ಕಿಂತ ಇದೇ ಕಷ್ಟ. ಆದರೆ ಇಲ್ಲೇ ಗಮ್ಮತ್ತು. ಶಿಕ್ಷಕಿ ತೀರ್ಪು ಕೊಡದಿದ್ದರೆ ಮಕ್ಕಳು ತಾವೇ ಅನುಮಾನ ಪಡುತ್ತಾರೆ.

“ಬೀಜ ಝಾಡಿಸಿ ಕುಟ್ಟಿದ್ರೂ ಖಾರ ಇರತೈತ್ರಿ” ಅಂದ ಹಿಂದಿನ ಸಾಲಿನವನು.

“ನಿನಗ ಹೆಂಗ ಗೊತ್ತಾತು?”

“ನಮ್ಮವ್ವ ಕುಟ್ಟೂವಾಗ ಸೀನು ಬರತಾವಲ್ರಿ!”

ಜಗಳ ಶುರುವಾಯಿತು. ತೀರ್ಮಾನ ಮಾಡಲು ಬಿಸಿಯೂಟದ ಕೋಣೆಯಿಂದ ಒಂದು ಹಸಿ ಮೆಣಸಿನಕಾಯಿ ತರಿಸಿದೆ. ಸೀಳಿ ಮೂರು ಪಾಲು ಮಾಡಿದೆವು: ತುದಿಯ ಸಿಪ್ಪೆ, ಚೆನ್ನಾಗಿ ತೊಳೆದ ಬೀಜ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ಭಾಗ. ಮಕ್ಕಳ ಬಾಯಿಗೆ ಇಡುವ ಹಾಗಿಲ್ಲ, ನಾಲಿಗೆ ನನ್ನದೇ. ಸಿಪ್ಪೆ ಹಸಿರು ಹಸಿರು ರುಚಿ. ಬೀಜ ಸ್ವಲ್ಪ ಚುರುಕ್ ಅಂದಿತು. ಬಿಳಿ ಭಾಗ ಇಟ್ಟುಕೊಂಡೆ ನೋಡಿ, ಕಣ್ಣು, ಮೂಗು ಎಲ್ಲ ಒಟ್ಟಿಗೆ ಸುರಿದವು. ಅಷ್ಟು ಗಮನ ಕೊಟ್ಟು ಮಕ್ಕಳು ನನ್ನನ್ನು ಯಾವತ್ತೂ ನೋಡಿರಲಿಲ್ಲ. ಕ್ಯಾಪ್ಸೈಸಿನ್ ಅನ್ನುವ ಖಾರದ ವಸ್ತು ತಯಾರಾಗುವುದು ಆ ಬಿಳಿ ಭಾಗದಲ್ಲಿ, ಬೀಜಕ್ಕೆ ಅದು ಮೆತ್ತಿಕೊಳ್ಳುತ್ತದೆ ಅಷ್ಟೇ ಅಂತ ಆಮೇಲೆ ಬೋರ್ಡಿನ ಮೇಲೆ ಬರೆದೆ. ಬರೆಯುವ ಅಗತ್ಯವೇ ಇರಲಿಲ್ಲ ಅನ್ನಿ.

ಅಲ್ಲಿಂದ ಪ್ರಶ್ನೆಗಳು ಅವರ ಕಡೆಯಿಂದ ಬರತೊಡಗಿದವು. ನಮ್ಮ ಬ್ಯಾಡಗಿ ಕಾಯಿ ಅಷ್ಟು ಕೆಂಪಗಿದ್ದರೂ ಖಾರ ಕಡಿಮೆ ಯಾಕೆ? ಕೆಂಪಿಗೂ ಖಾರಕ್ಕೂ ಸಂಬಂಧವಿಲ್ಲ, ಬಣ್ಣ ಕೊಡುವ ವಸ್ತು ಬೇರೆ, ಖಾರದ ವಸ್ತು ಬೇರೆ ಅನ್ನುವಲ್ಲಿಗೆ ಅವರೇ ಬಂದರು. ಆ ಬಣ್ಣವನ್ನು ಹಿಂಡಿ ತೆಗೆದು ಲಿಪ್‌ಸ್ಟಿಕ್‌ಗೂ ಬಳಸುತ್ತಾರೆ ಅಂದಾಗ ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. 2011ರಲ್ಲಿ ಈ ಕಾಯಿಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನ ಸೀಮೆಯದೇ ಅನ್ನುವ ಭೌಗೋಳಿಕ ಗುರುತು, ಸಿಕ್ಕಿದ್ದನ್ನು ಸಮಾಜ ವಿಜ್ಞಾನದ ಸರ್ ಮುಂದಿನ ಪಿರಿಯಡ್‌ನಲ್ಲಿ ಹಿಡಿದುಕೊಂಡರು.

ಇದಕ್ಕೆ ಬೆಲೆ ಕೊಡಬೇಕಾಯಿತು. ಎರಡು ಪಾಠ ಹಿಂದೆ ಬಿದ್ದೆ. ಮುಖ್ಯ ಗುರುಗಳು ಕರೆದು ಕೇಳಿದರು. ಕೇಳಿದ್ದು ತಪ್ಪಲ್ಲ, ಪರೀಕ್ಷೆಗೆ ಸಿಲಬಸ್ ಮುಗಿಯಲೇಬೇಕು. ಹಾಗಾಗಿ ಈಗ ಒಂದು ಪಿರಿಯಡ್‌ಗೆ ಇಂಥ ಪ್ರಶ್ನೆ ಎರಡೇ, ಹೆಚ್ಚೆಂದರೆ ಮೂರು. ಅವನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಳ್ಳುತ್ತೇನೆ, ಯಾಕಂದರೆ ನಿಂತಲ್ಲೇ ಹೊಳೆಯುವ ಪ್ರಶ್ನೆಗಳು ನನ್ನ ಮಟ್ಟಿಗೆ ಈಗಲೂ “ದ್ಯುತಿ...?” ಜಾತಿಯವೇ. ಆ ಜಾತಿಯನ್ನೂ ಪೂರ್ತಿ ಬಿಟ್ಟಿಲ್ಲ. ಪದ ನಾಲಿಗೆ ಮೇಲೆ ಕೂರಬೇಕಾದರೆ ಒಮ್ಮೊಮ್ಮೆ ಕೂಗಿಸಬೇಕಾಗುತ್ತದೆ.

ಕಳೆದ ತಿಂಗಳು ಆ ತಡವರಿಸುವ ಹುಡುಗಿ ಚೀಟಿ ಬರುವ ಮೊದಲೇ ಎದ್ದಳು. “ಒಣಗಿಸಿದ ಮ್ಯಾಲೆ ಕಾಯಿ ಕೊಳಿಯೂದಿಲ್ಲಲ್ರಿ, ಮತ್ತ ಕೋಲ್ಡ್ ಸ್ಟೋರೇಜ್ ಯಾಕ ಬೇಕ್ರಿ?” ಮುಗಿಸಲು ಹೊತ್ತು ಹಿಡಿಯಿತು, ಯಾರೂ ನಗಲಿಲ್ಲ. ಬಿಸಿಲು, ಸೆಖೆಗೆ ಬಣ್ಣ ಮಾಸುತ್ತದೆ, ಬ್ಯಾಡಗಿಯಲ್ಲಿ ರೇಟು ನಿಂತಿರುವುದೇ ಬಣ್ಣದ ಮೇಲೆ ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ. “ಹೆಂಗ ಕಂಡುಹಿಡಿಯೋಣು?” ಅಂದೆ. ಚರ್ಚೆಯಾಗಿ, ಹತ್ತು ಕಾಯಿ ಬಿಸಿಲು ಬೀಳುವ ಕಿಟಕಿಯಲ್ಲಿ, ಹತ್ತು ಕಾಯಿ ಕಾಗದ ಸುತ್ತಿ ಕಪಾಟಿನ ಕತ್ತಲಲ್ಲಿ ಇಡಬೇಕು ಅಂತಾಯಿತು. ಒಂದು ತಿಂಗಳ ಮೇಲೆ ಹೋಲಿಸುವುದು.

ಇವತ್ತಿಗೆ ಹದಿನೆಂಟು ದಿನ. ಕಿಟಕಿಯಲ್ಲಿ ಈಗ ಎಂಟೇ ಕಾಯಿ ಇವೆ. ಎರಡು ಎಲ್ಲಿ ಹೋದವು ಅಂತ ಬಿಸಿಯೂಟದ ಅಕ್ಕನನ್ನು ಕೇಳಿ ಬಾಯಿ ಮುಚ್ಚಿಕೊಂಡು ನಿಂತೆ. ಅವರು ಮೂರು ಸೆಕೆಂಡು ಕೂಡ ತಗೊಳ್ಳಲಿಲ್ಲ. “ಸಾರಿಗ್ರಿ ಟೀಚರ್” ಅಂದರು.